ಬಾಯಿಪಂದ್ಯ

ಮಾರ್ಚ್ 3, ಮಂಗಳವಾರ

ಟೀವಿಯವರಿಗೆ ಮಾಡಲು ಬೇರೆ ಕೆಲಸವಿಲ್ಲವೆಂದು ಗೊತ್ತಿತ್ತು. ಇಷ್ಟರ ಮಟ್ಟಿಗೆ ಇಲ್ಲವೆಂದು ಇವತ್ತು ಗೊತ್ತಾಯಿತು. ಇಪ್ಪತ್ತೆರಡನೇ ತಾರೀಖಿನ ಭಾನುವಾರ ಕಂಪ್ಯೂಟರಿನಲ್ಲಿ ಒಂದು ಹೆವಿವೇಟ್ ಬಾಕ್ಸಿಂಗ್ ಪಂದ್ಯ ಆಡಿಸಿ ತೋರಿಸುತ್ತಾರಂತೆ. ಬೇರೆ ಬೇರೆ ಕಾಲದ ಇಬ್ಬರು ಚಾಂಪಿಯನ್ನರನ್ನು ಒಂದೇ ವಯಸ್ಸಿಗೆ ತಂದು ಎದುರುಬದುರು ನಿಲ್ಲಿಸುವುದು. ಒಂದು ಮೂಲೆಯಲ್ಲಿ ಇಪ್ಪತ್ತೆಂಟರ ನನ್ನ ಗಂಡ, ಇನ್ನೊಂದು ಮೂಲೆಯಲ್ಲಿ ಇಪ್ಪತ್ತೆಂಟರ ನನ್ನ ಮಗ. ಫೋನ್ ಹಿಡಿದವಳು ಹಾಗೇ ಕುರ್ಚಿ ಎಳೆದುಕೊಂಡು ಕೂತೆ.

"ನಿಮ್ಮ ಪ್ರಕಾರ ಯಾರು ಗೆಲ್ತಾರೆ ಮೇಡಂ? ಇಬ್ಬರ ಮೂಲೆಯಲ್ಲೂ ನಿಂತವರು ನೀವೊಬ್ಬರೇ" ಎಂದಳು ಆ ಕಡೆಯ ಹುಡುಗಿ.

"ಅಪ್ಪ ಮಗನಿಗೆ ಜಗಳ ಹಚ್ಚೋಕೆ ಕಂಪ್ಯೂಟರ್ ಯಾಕಮ್ಮ? ನಮ್ಮನೇಲಿ ಇರೋ ಒಂದೇ ಬಚ್ಚಲು ಸಾಕು" ಎಂದು ಇಟ್ಟುಬಿಟ್ಟೆ.

ಇಟ್ಟೆನೇ ಹೊರತು ತಲೆಯೊಳಗೆ ಪಂದ್ಯ ಶುರುವಾಗಿಬಿಟ್ಟಿತ್ತು. ನನ್ನ ಕಸುಬೇ ಅಂಥದ್ದು. ಎರಡು ಸುತ್ತುಗಳ ನಡುವೆ ಸಿಗುವ ಒಂದು ನಿಮಿಷದಲ್ಲಿ ಸೀಳಿದ ಹುಬ್ಬಿನ ರಕ್ತ ನಿಲ್ಲಿಸಿ, ವ್ಯಾಸಲೀನ್ ಮೆತ್ತಿ, ಬಾಕ್ಸರನ್ನು ಮತ್ತೆ ರಿಂಗಿಗೆ ದಬ್ಬುವವಳು ನಾನು. ಮದುವೆಯಾದ ಹೊಸತರಲ್ಲಿ ಗಂಡನಿಗಾಗಿ ಕಲಿತದ್ದು, ಈಗ ನಮ್ಮ ಚಾಂಪಿಯನ್ ಮಗನಿಗೆ ಮಾಡುತ್ತಿದ್ದೇನೆ. ಇವರ ಚರ್ಮ ಚಕ್ಕಳ. ಚಾಂಪಿಯನ್‌ದು ಹುಬ್ಬು ಬೇಗ ಬಿಚ್ಚಿಕೊಳ್ಳುತ್ತದೆ, ಆದರೆ ಕಾಲು ಗಾಳಿ. ಇವರ ಬಲಗೈಗೆ ಸಿಕ್ಕವನು ನೆಟ್ಟಗೆ ಎದ್ದದ್ದಿಲ್ಲ. ಚಾಂಪಿಯನ್ ಸಿಗಬೇಕಲ್ಲ. ಸಾರು ಉಕ್ಕಿ ಒಲೆ ಆರುವವರೆಗೂ ಇದೇ ಲೆಕ್ಕ ಹಾಕುತ್ತಾ ನಿಂತಿದ್ದೆ.

ಇಪ್ಪತ್ತೆಂಟನೇ ತಾರೀಖಿಗೆ ಚಾಂಪಿಯನ್‌ನ ನಿಜವಾದ ಪಂದ್ಯವಿದೆ. ಬೆಲ್ಟ್ ಉಳಿಸಿಕೊಳ್ಳಬೇಕು. ಎದುರಾಳಿಗೆ ಒಳ್ಳೆಯ ಬಲಗೈ ಇದೆಯಂತೆ. ಇರಲಿ, ನಾವು ಯಾವ ಕೈ ನೋಡಿಲ್ಲ.

ಮಾರ್ಚ್ 5, ಗುರುವಾರ

ಜಿಮ್ಮಿಗೆ ಹುಚ್ಚು ಹಿಡಿದಿದೆ. ಯಾರೂ ಚೀಲ ಗುದ್ದುತ್ತಿಲ್ಲ, ಎಲ್ಲರೂ ಬಾಯಿ ಗುದ್ದುತ್ತಿದ್ದಾರೆ. ಹಳೇ ತಲೆಗಳು ಇವರ ಕಡೆ, ಹೊಸ ಹುಡುಗರು ಚಾಂಪಿಯನ್ ಕಡೆ. "ಇವನ ಕಾಲದವರು ಏನು ಬಾಕ್ಸರುಗಳು, ಬೆಣ್ಣೆಮುದ್ದೆಗಳು" ಎಂದು ಮುದುಕ ಕೋಚ್ ಹೇಳಿದ್ದೇ ತಡ, ಹುಡುಗರು ಅವನ ಮೇಲೆ ಟವೆಲ್ ಎಸೆದರು.

ಕೊನೆಗೆ ಬಾಯಿಪಂದ್ಯವೇ ಆಗಿಬಿಡಲಿ ಎಂದು ತೀರ್ಮಾನವಾಯಿತು. ಇದು ನಮ್ಮ ಜಿಮ್ಮಿನ ಹಳೆಯ ಆಟ. ಬೇರೆ ಬೇರೆ ಕಾಲದ ಬಾಕ್ಸರುಗಳಲ್ಲಿ ಯಾರು ಮೇಲೆಂಬ ಜಗಳ ಹರಿಯದಿದ್ದರೆ ಇಬ್ಬರು ಎದುರುಬದುರು ಸ್ಟೂಲ್ ಹಾಕಿ ಕೂರುತ್ತಾರೆ. ಒಬ್ಬೊಬ್ಬರು ಒಬ್ಬೊಬ್ಬ ಬಾಕ್ಸರ್‌ನ ಪರ. ಒಬ್ಬ ಬಾಯಲ್ಲೇ ಏಟು ಹಾಕಬೇಕು, ಇನ್ನೊಬ್ಬ ಒಂದು ಉಸಿರಿನೊಳಗೆ ಅದಕ್ಕೆ ಉತ್ತರ ಕೊಡಬೇಕು. ಕೊಡದಿದ್ದರೆ ಏಟು ಬಿದ್ದಂತೆ. ಆ ಬಾಕ್ಸರ್ ಹತ್ತಿರ ನಿಜವಾಗಿ ಇಲ್ಲದ ಏಟನ್ನಾಗಲಿ, ಅವನಿಂದಾಗದ ತಪ್ಪಿಸಾಟವನ್ನಾಗಲಿ ಹೇಳುವಂತಿಲ್ಲ. ಮತ್ತು ಯಾರೂ ತಮ್ಮ ಪರವಾಗಿ ತಾವೇ ಆಡುವಂತಿಲ್ಲ, ಏಕೆಂದರೆ ತನ್ನ ಬಗ್ಗೆ ಹೇಳುವಾಗ ಸುಳ್ಳು ಹೇಳದ ಬಾಕ್ಸರ್ ಇನ್ನೂ ಹುಟ್ಟಿಲ್ಲ.

ಹಾಗಾಗಿ ಶನಿವಾರ ಮಗನ ಪರ ಅಪ್ಪ, ಅಪ್ಪನ ಪರ ಮಗ. ತೀರ್ಪು ನನ್ನದು. ಇಬ್ಬರಿಗೂ ಹೆದರದವಳು ಜಿಮ್ಮಿನಲ್ಲಿ ನಾನೊಬ್ಬಳೇ ಅಂತೆ. ಸುಳ್ಳೇನಲ್ಲ.

ಮಾರ್ಚ್ 7, ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ಆಮೇಲಾದರೂ ಅರ್ಥವಾದೀತು.

ಜಿಮ್ ತುಂಬಿತ್ತು. ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ಮೊದಲ ಸುತ್ತು ಬರೀ ನಗು. ಚಾಂಪಿಯನ್ ಅಪ್ಪನ ಗಡಸು ದನಿಯನ್ನೇ ಅಣಕಿಸುತ್ತಾ "ಜ್ಯಾಬ್, ಇನ್ನೊಂದು ಜ್ಯಾಬ್, ಮಗನೇ ತಗೋ" ಎನ್ನುತ್ತಿದ್ದ. ಇವರು ಮಗನ ಪರವಾಗಿ "ಬಲಕ್ಕೆ ಸರಿದೆ" ಎಂದರು. ಇನ್ನೊಂದು ಏಟು ಬಂತು. "ತಲೆ ಎಡಕ್ಕೆ ತಿರುಗಿಸಿ ಬಲಕ್ಕೆ ಸರಿದೆ." ಮತ್ತೊಂದು. ಮತ್ತೆ ಬಲಕ್ಕೆ. "ಏನಣ್ಣಾ, ಗಾಣದೆತ್ತಿನ ಥರ ಒಂದೇ ಕಡೆ ಸುತ್ತುತೀಯ, ನಿನ್ ಮಗನಿಗೆ ಎಡಗಡೆ ಕಾಲಿಲ್ವಾ" ಎಂದು ಹಿಂದಿನಿಂದ ಯಾರೋ ಕಿಚಾಯಿಸಿದರು. ನಾನೂ ನಕ್ಕೆ. ನಕ್ಕೆನಲ್ಲ ಎಂದು ಈಗ ನನ್ನನ್ನೇ ಬೈದುಕೊಳ್ಳುತ್ತಿದ್ದೇನೆ.

ಮೂರನೇ ಸುತ್ತಿನಲ್ಲಿ ಚಾಂಪಿಯನ್ ಅಣಕಿಸುವುದನ್ನು ನಿಲ್ಲಿಸಿದ. ಅಪ್ಪನ ಮುಖವನ್ನೇ ನೋಡುತ್ತಾ ಮೆಲ್ಲಗೆ ಹೇಳಿದ. "ಬಲಗೈ ಹುಕ್. ಹೊರಗಡೆಯಿಂದ. ಎಡಗಣ್ಣಿನ ಮೂಲೆಗೆ."

ಇವರು ಬಾಯಿ ತೆರೆದರು. ಏನೂ ಬರಲಿಲ್ಲ.

ಇದಕ್ಕೆ ಉತ್ತರ ಕೊಡಲು ನಿನ್ನೆ ಜಿಮ್ಮಿಗೆ ಸೇರಿದವನಿಗೂ ಬರುತ್ತದೆ. ಕೈ ಎತ್ತಿದೆ, ಬಾಗಿದೆ, ಹಿಂದೆ ಸರಿದೆ, ಯಾವುದಾದರೂ ಒಂದು ಅಂದರೆ ಸಾಕು. ಇವರು ಇಪ್ಪತ್ತು ವರ್ಷದಿಂದ ಹುಡುಗರಿಗೆ ಅದನ್ನೇ ಹೇಳಿಕೊಡುತ್ತಿದ್ದಾರೆ. ಆದರೆ ಇವರು ಹೊರಗೆ ಎಷ್ಟು ಬೇಕಾದರೂ ಬುರುಡೆ ಬಿಡುತ್ತಾರೆ, ಬಾಯಿಪಂದ್ಯದಲ್ಲಿ ಮಾತ್ರ ಸುಳ್ಳು ಹೇಳುವುದಿಲ್ಲ. ಉಸಿರು ಮುಗಿಯಿತು. ತೀರ್ಪು ಕೊಡಬೇಕಾದ ನಾನು ಕೈ ಎತ್ತಲಿಲ್ಲ. ಚಾಂಪಿಯನ್ ತಾನೇ ಎದ್ದ.

"ಮುಗೀತು. ಮೂರನೇ ಸುತ್ತಲ್ಲಿ ನಾನು ಬಿದ್ದೆ" ಎಂದ. ಹಳೇ ತಲೆಗಳು ಕೇಕೆ ಹಾಕಿದವು. ಅಪ್ಪ ಮಗ ಇಬ್ಬರೂ ನಗಲಿಲ್ಲ.

ಆ ಏಟು ಅವನಿಗೆ ಕಾಣುವುದಿಲ್ಲವೇ? ಬರೆಯಬಾರದಿತ್ತು, ಬರೆದುಬಿಟ್ಟೆ.

ಮಾರ್ಚ್ 8, ಭಾನುವಾರ

ಅಭ್ಯಾಸ ಮುಗಿಸಿ ಬಂದ ಮಗನನ್ನು ಸ್ಟೂಲಿನ ಮೇಲೆ ಕೂರಿಸಿ ದಿನದ ಹಾಗೆ ಮುಖ ಒರೆಸಿದೆ. ಹತ್ತಿ ಸುತ್ತಿದ ಕಡ್ಡಿಯನ್ನು ಬಲಗಡೆಯಿಂದ ತಂದೆ. ರೆಪ್ಪೆ ಬಡಿದ. ಎಡಗಡೆಯಿಂದ ತಂದೆ. ಕಡ್ಡಿ ರೆಪ್ಪೆಯ ಕೂದಲಿಗೆ ತಾಗುವಷ್ಟು ಹತ್ತಿರ ಬಂದರೂ ಅವನು ನನ್ನ ಜೊತೆ ನಾಳೆಯ ತಿಂಡಿಯ ಬಗ್ಗೆ ಮಾತಾಡುತ್ತಲೇ ಇದ್ದ.

ಕಡ್ಡಿ ಕೆಳಗೆ ಬಿತ್ತು. "ಏನಾಯ್ತಮ್ಮ?" ಎಂದ. "ಕೈ ಜಾರಿತು" ಎಂದೆ. ನನ್ನ ಕೈ ಜಾರಿದ್ದನ್ನು ಅವನು ಹುಟ್ಟಿದಾಗಿನಿಂದ ನೋಡಿಲ್ಲ.

ಎಷ್ಟು ಸಲ ಆ ಮುಖ ಹಿಡಿದಿದ್ದೇನೆ. ಹುಬ್ಬು ನೋಡಿದ್ದೇನೆ, ಮೂಗು ನೋಡಿದ್ದೇನೆ, ತುಟಿ ನೋಡಿದ್ದೇನೆ. ರಕ್ತ ಬರುವ ಜಾಗವನ್ನೆಲ್ಲ ನೋಡಿದ್ದೇನೆ. ಕಣ್ಣಿನಿಂದ ರಕ್ತ ಬರುತ್ತಿರಲಿಲ್ಲವಲ್ಲ, ಅದಕ್ಕೆ ನೋಡಲಿಲ್ಲ.

ಮಾರ್ಚ್ 9, ಸೋಮವಾರ

ಕೇಳಿಬಿಟ್ಟೆ. ಮಗ ಬೂಟಿನ ಲೇಸ್ ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ.

"ಪೂರ್ತಿ ಹೋಗಿಲ್ಲಮ್ಮ. ಮೂಲೇಲಿ ಪರದೆ ಬಿಟ್ಟ ಹಾಗಿದೆ, ಅಷ್ಟೇ. ಹೋದ ವರ್ಷ ಅಭ್ಯಾಸದಲ್ಲಿ ಒಂದು ಮೊಣಕೈ ತಾಗಿತ್ತಲ್ಲ, ಆಗಿಂದ."

"ಡಾಕ್ಟರ್ ಹತ್ರ ಯಾಕೋ ಹೋಗಲಿಲ್ಲ?"

"ಹೋದ್ರೆ ಆಡೋಕೆ ಬಿಡ್ತಾರಾ?"

"ನನಗಾದ್ರೂ ಹೇಳಬಾರದಿತ್ತಾ?"

"ಅಪ್ಪ ಬೇಡ ಅಂದ" ಎಂದ. ಲೇಸ್ ಬಿಚ್ಚಿ ಮತ್ತೆ ಮೊದಲಿಂದ ಕಟ್ಟಿದ. "ಅಪ್ಪನೇ ಕೂತು ಹೇಳಿಕೊಟ್ಟಿದ್ದು, ತಲೆ ಹೇಗೆ ತಿರುಗಿಸಬೇಕು, ಯಾವ ಕಡೆ ಸರೀಬೇಕು ಅಂತ. ಬಾಯಿಪಂದ್ಯದಲ್ಲಿ ಅದನ್ನೇ ಹೇಳ್ತಿದ್ದ. ಆ ಹುಕ್‌ಗೆ ಏನು ಉತ್ತರ ಕೊಡ್ತಾನೋ ನೋಡೋಣ ಅಂತಾನೇ ಹಾಕಿದೆ. ಅವನ ಹತ್ರಾನೂ ಇಲ್ಲ."

ನನ್ನ ಗಂಡನಿಗೆ ಗೊತ್ತಿತ್ತು. ಒಂದೇ ಮನೆ, ಒಂದೇ ಊಟದ ಮೇಜು, ನನ್ನ ಎದುರಿಗೇ ಕೂತು ಅನ್ನ ಕಲಸುತ್ತಾ ಆ ಮನುಷ್ಯನಿಗೆ ಗೊತ್ತಿತ್ತು. ಹೊರಗೆ ಹೋಗಿ ಒಣಗಿದ ಬಟ್ಟೆ ತಂದು ಮಡಚಿದೆ, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆ.

ಮಾರ್ಚ್ 10, ಮಂಗಳವಾರ

ಆ ಮನುಷ್ಯನ ಜೊತೆ ಜಗಳ. ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುವಷ್ಟು.

"ಒಂದೇ ಪಂದ್ಯ ಕಣೇ. ಇದೊಂದು ಗೆದ್ದುಬಿಡ್ಲಿ, ಆಮೇಲೆ ನಾನೇ ಕೈಪಟ್ಟಿ ಬಿಚ್ಚಿಸ್ತೀನಿ."

"ಅಷ್ಟರಲ್ಲಿ ಕಣ್ಣು ಹೋದ್ರೆ?"

"ಹೋಗಲ್ಲ. ನಾನು ಹೇಳಿಕೊಟ್ಟ ಹಾಗೆ ಆಡಿದ್ರೆ ಆ ಕಡೆ ಏಟೇ ಬೀಳಲ್ಲ."

"ನಿಮಗೇನ್ರೀ ಗೊತ್ತು, ಕಾಣದ ಕಡೆಯಿಂದ ಏಟು ಬರೋದು ಹೇಗಿರುತ್ತೆ ಅಂತ?"

ಅವರು ನನ್ನನ್ನು ನೋಡಿದರು. ಎದ್ದು ಹೋಗಿ ಅಂಗಳದ ನಲ್ಲಿಯಲ್ಲಿ ಮುಖ ತೊಳೆದುಕೊಂಡರು.

ನಾನು ಬಾಕ್ಸಿಂಗ್ ಮಂಡಳಿಗೆ ಹೇಳುತ್ತೇನೆಂದೆ. ಬಾಗಿಲಲ್ಲಿ ನಿಂತಿದ್ದ ಮಗ, "ಹೇಳಿದ್ರೆ ಇವತ್ತಿಗೆ ನಿನ್ನ ನನ್ನ ಋಣ ತೀರಿತು" ಎಂದ. ಹೆತ್ತವಳ ಮುಖಕ್ಕೆ ಹೊಡೆದ ಹಾಗೆ.

ಮಾರ್ಚ್ 13, ಶುಕ್ರವಾರ

ಮನೆಯಲ್ಲಿ ಪಾತ್ರೆಗಳದ್ದೇ ಸದ್ದು.

ಮಾರ್ಚ್ 17, ಮಂಗಳವಾರ

ನನ್ನ ಬಗ್ಗೆ ನನಗೇ ಗಾಬರಿಯಾಗಿದೆ. ಬೆಳಿಗ್ಗೆ ಚೀಲದಲ್ಲಿ ಹತ್ತಿ, ವ್ಯಾಸಲೀನ್, ಊತ ಒತ್ತಲು ಮಂಜುಗಡ್ಡೆಯಲ್ಲಿಡುವ ಉಕ್ಕಿನ ತುಂಡು ಎಲ್ಲ ಜೋಡಿಸುತ್ತಿದ್ದೆ. ಒಂದು ನಿಮಿಷದ ವಿರಾಮದಲ್ಲಿ ಎಡಗಣ್ಣಿನ ಊತವನ್ನು ಹೇಗೆ ಒತ್ತಬೇಕು, ರೆಫರಿಗೆ ಕಾಣದ ಹಾಗೆ ಎಲ್ಲಿ ನಿಲ್ಲಬೇಕು ಎಂದು ಯೋಚಿಸುತ್ತಿದ್ದೆ. ಅಂದರೆ ಆಡಿಸಲು ಒಪ್ಪಿಕೊಂಡಂತೆಯೇ ಆಯಿತಲ್ಲ. ಯಾವಾಗ ಒಪ್ಪಿದೆನೋ ಗೊತ್ತಿಲ್ಲ. ಕೈಯಲ್ಲಿದ್ದ ಡಬ್ಬಿಯನ್ನು ಗೋಡೆಗೆ ಬೀಸಿ ಒಗೆದೆ. ಗೋಡೆಯ ಮೇಲೆ ವ್ಯಾಸಲೀನ್ ಇನ್ನೂ ಇದೆ. ಒರೆಸಿಲ್ಲ.

ಮಾರ್ಚ್ 22, ಭಾನುವಾರ

ಟೀವಿಯ ಪಂದ್ಯ. ಜಿಮ್ಮಿನವರೆಲ್ಲ ನಮ್ಮ ಮನೆಗೇ ಬಂದರು, ಕೂರಲು ಜಾಗವಿಲ್ಲದೆ ಕಿಟಕಿಯಲ್ಲೂ ಕೂತರು. ಬರಬೇಡಿ ಎನ್ನಲು ಕಾರಣ ಕೊಡಬೇಕಿತ್ತು, ಕೊಡಲಾಗಲಿಲ್ಲ.

ಪರದೆಯ ಮೇಲೆ ಕಂಪ್ಯೂಟರ್ ಮಾಡಿದ ನನ್ನ ಗಂಡ, ಕಂಪ್ಯೂಟರ್ ಮಾಡಿದ ನನ್ನ ಮಗ. ಮೈಕಟ್ಟೆಲ್ಲ ಅವರದೇ. ಅಪ್ಪನ ಬಲಗೈ ಮತ್ತೆ ಮತ್ತೆ ಹೊರಗಡೆಯಿಂದ ಬಂತು. ಮಗ ಪ್ರತಿ ಸಲವೂ ನೋಡಿದ, ಪ್ರತಿ ಸಲವೂ ಬಾಗಿದ. ಎಷ್ಟು ಚೆನ್ನಾಗಿ ನೋಡುತ್ತಿದ್ದ. ಹನ್ನೆರಡೂ ಸುತ್ತು ಆಡಿ ಅಂಕದ ಮೇಲೆ ಗೆದ್ದ.

ಹುಡುಗರು ಮಗನನ್ನು ಎತ್ತಿ ಕುಣಿದರು. "ಕಂಪ್ಯೂಟರಿಗೆ ದುಡ್ಡು ಕೊಟ್ಟಿದ್ದಾರೆ" ಎಂದು ಮುದುಕ ಕೋಚ್ ರೇಗಿದ. ಹುಡುಗರ ಹೆಗಲ ಮೇಲಿಂದ ಮಗ ನನ್ನ ಕಡೆ ನೋಡಿದ. ನೋಡಲು ಮುಖವನ್ನು ಪೂರ್ತಿ ತಿರುಗಿಸಬೇಕಾಯಿತು. ನಾನು ಅಡುಗೆಮನೆಗೆ ಹೋಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತೆ.

ಮಾರ್ಚ್ 24, ಮಂಗಳವಾರ

ಇವತ್ತು ಮಂಡಳಿಯ ಡಾಕ್ಟರರ ತಪಾಸಣೆ. ಮಗನ ಮೂಲೆಯವರೆಂದು ನಾನೂ ಆ ಮನುಷ್ಯನೂ ಕೋಣೆಯೊಳಗೇ ಇದ್ದೆವು. ರಕ್ತದೊತ್ತಡ ಆಯಿತು, ಎದೆ ಆಯಿತು, ಕೈಬೆರಳುಗಳಾದವು. ನಾನು ಬಾಯಿ ಬಿಡಬಾರದೆಂದೇ ಹೋಗಿದ್ದೆ. ಅವನೇ ಹೇಳುತ್ತಾನೆಂಬ ಹುಚ್ಚು ಆಸೆಯೂ ಇತ್ತು.

"ಒಂದು ಕಣ್ಣು ಮುಚ್ಚಿ ಓದಪ್ಪ" ಎಂದರು ಡಾಕ್ಟರ್. ಮಗ ಎಡಗೈಯಿಂದ ಎಡಗಣ್ಣು ಮುಚ್ಚಿ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದ. "ಈಗ ಇನ್ನೊಂದು" ಎಂದು ಡಾಕ್ಟರ್ ಬರೆದುಕೊಳ್ಳಲು ಬಗ್ಗಿದರು. ಮಗ ಕೈ ಬದಲಿಸಿದ. ಬಲಗೈಯನ್ನು ಮುಖಕ್ಕೆ ಅಡ್ಡ ತಂದು ಮತ್ತೆ ಎಡಗಣ್ಣನ್ನೇ ಮುಚ್ಚಿದ. ಕೊನೆಯ ಸಾಲಿನವರೆಗೂ ಓದಿದ. ಎಷ್ಟು ಸಲೀಸು ಎಂದರೆ ನೂರು ಸಲ ಅಭ್ಯಾಸ ಮಾಡಿದ ಹಾಗೆ. ಆ ಮನುಷ್ಯ ಕಿಟಕಿಯ ಹೊರಗೆ ನೋಡುತ್ತಿದ್ದರು. ಇದನ್ನು ಕಲಿಸಿದ್ದೂ ಅವರೇ ಎಂದು ಆ ಬೆನ್ನು ನೋಡಿದರೇ ತಿಳಿಯುತ್ತಿತ್ತು.

"ಡಾಕ್ಟ್ರೇ, ಅವನು ಎರಡು ಸಲವೂ ಅದೇ ಕಣ್ಣು ಮುಚ್ಚಿದ."

ಯಾರು ಹೇಳಿದ್ದೆಂದು ಒಂದು ಕ್ಷಣ ನನಗೇ ತಿಳಿಯಲಿಲ್ಲ. ದನಿ ನನ್ನದೇ.

ಆಮೇಲಿನದು ಬೇಗ ಬೇಗ ಆಯಿತು. ಡಾಕ್ಟರ್ ದೀಪ ಹಾಕಿ ನೋಡಿದರು, ಫೋನ್ ಮಾಡಿದರು, ಪಂದ್ಯ ರದ್ದೆಂದರು, ಇವತ್ತೇ ಕಣ್ಣಿನ ಆಸ್ಪತ್ರೆಗೆ ಎಂದರು. ಮಗ ಅಂಗಿ ಹಾಕಿಕೊಳ್ಳುವಾಗ ಗುಂಡಿ ತಪ್ಪಿಸಿ ಹಾಕಿಕೊಂಡ. ಸರಿಮಾಡಲು ಹೋದೆ. ನನ್ನ ಕೈ ತಳ್ಳಿದ.

"ಮುಟ್ಟಬೇಡ" ಎಂದ.

ಮಾರ್ಚ್ 26, ಗುರುವಾರ

ಆಪರೇಷನ್ ಆಯಿತು. ಕಣ್ಣಿನ ಒಳಪದರ ಕಿತ್ತುಕೊಂಡು ನೇತಾಡುತ್ತಿತ್ತಂತೆ. "ಇದನ್ನಿಟ್ಟುಕೊಂಡು ಇವರು ರಿಂಗಿಗೆ ಇಳೀತಿದ್ರಾ?" ಎಂದು ಕಣ್ಣಿನ ಡಾಕ್ಟರಮ್ಮ ನನ್ನನ್ನೇ ಕೇಳಿದರು. ಇನ್ನೊಂದು ಏಟು ಬಿದ್ದಿದ್ದರೆ ಕಣ್ಣು ಹೋಗಿಯೇಬಿಡುತ್ತಿತ್ತು. ಈಗ ಎಷ್ಟು ಉಳಿಯುತ್ತದೋ ಕಾದು ನೋಡಬೇಕು. ನನ್ನ ಕೂಸು ಮುಖ ಕೆಳಗೆ ಮಾಡಿಕೊಂಡೇ ಮಲಗಬೇಕು. ಅಷ್ಟು ದೊಡ್ಡ ಮೈಯನ್ನು ಆ ಸಣ್ಣ ಮಂಚದ ಮೇಲೆ ಬೋರಲು ಮಲಗಿಸಿದ್ದಾರೆ, ಕಾಲು ಹೊರಗೆ ಚಾಚಿಕೊಂಡಿದೆ. ಕಾಲಿಗೆ ಹೊದಿಸಿದೆ. ಒದ್ದು ತಳ್ಳಲಿಲ್ಲ, ಅಷ್ಟೇ ಸಾಕು.

ಆ ಮನುಷ್ಯ ಆಸ್ಪತ್ರೆಗೆ ಬಂದೇ ಇಲ್ಲ.

ಮಾರ್ಚ್ 28, ಶನಿವಾರ

ಗಂಜಿಯನ್ನು ಸ್ಟ್ರಾದಲ್ಲಿ ಕುಡಿಸಿದೆ. ನಾಲ್ಕು ಗುಟುಕು ಕುಡಿದ. ಮೈ ಒರೆಸಿದೆ. ನರ್ಸ್ ಕಣ್ಣಿಗೆ ಹನಿ ಹಾಕುವಾಗ ನನ್ನ ಬೆರಳು ಹಿಡಿದುಕೊಂಡಿತ್ತು ಕೂಸು, ಯಾರದೆಂದು ಕೇಳಲಿಲ್ಲ. ಇವತ್ತು ಪಂದ್ಯ ನಡೆಯಬೇಕಿದ್ದ ದಿನ ಎಂದು ಈಗ ತಾರೀಖು ಬರೆದ ಮೇಲೆ ಹೊಳೆಯಿತು. ಬೆಲ್ಟ್ ಯಾರಿಗೆ ಹೋಗುತ್ತದೋ ಕೇಳಲು ಮರೆತೆ.

ಮಾರ್ಚ್ 31, ಮಂಗಳವಾರ

ಬೆಳಿಗ್ಗೆ ಬಟ್ಟೆ ಬದಲಿಸಲು ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಆ ಮನುಷ್ಯ ಊಟದ ಮೇಜಿನ ಮುಂದೆ ಕೂತು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದರು. ಮಗ ಅಲ್ಲಿ ಬೋರಲು ಬಿದ್ದಿದ್ದಾನೆ, ಇಲ್ಲಿ ಇವರು ಪಲ್ಯಕ್ಕೆ ಕೂತಿದ್ದಾರೆ. ನೋಡಿದ್ದೇ ನನ್ನ ಮೈಯೆಲ್ಲ ಬೆಂಕಿ. ಮದುವೆಯಾದಾಗಿನಿಂದ ಮಾಡದ್ದನ್ನು ಮಾಡುವವಳಿದ್ದೆ. ಎಡಗಡೆಯಿಂದ ಹೋಗಿ ಕೆನ್ನೆಯ ಪಕ್ಕಕ್ಕೆ ಕೈ ಎತ್ತಿದೆ.

ಅವರು ಸಿಪ್ಪೆ ತೆಗೆಯುತ್ತಲೇ ಇದ್ದರು.

ಕೈ ಇನ್ನೂ ಹತ್ತಿರ ತಂದೆ. ರೆಪ್ಪೆಯ ಪಕ್ಕದಲ್ಲಿ ಬೆರಳು ಆಡಿಸಿದೆ. ಅವರು ಚಾಕುವಿನ ತುದಿಯಿಂದ ಆಲೂಗಡ್ಡೆಯ ಕಣ್ಣೊಂದನ್ನು ಕಿತ್ತು ಪಕ್ಕಕ್ಕಿಟ್ಟರು.

"ರೀ" ಎಂದೆ.

ಬೆಚ್ಚಿಬಿದ್ದು ತಲೆ ತಿರುಗಿಸಿದರು. ಎತ್ತಿದ ಕೈ ನೋಡಿದರು. ನನಗೆ ಗೊತ್ತಾಯಿತೆಂದು ಅವರಿಗೂ ಗೊತ್ತಾಯಿತು.

"ಯಾವಾಗಿಂದ?"

"ಬೆಲ್ಟ್ ಗೆದ್ದ ದಿನದಿಂದ" ಎಂದರು. "ಅವತ್ತೇ ಒಂಬತ್ತನೇ ಸುತ್ತಲ್ಲಿ ಎಡಗಣ್ಣು ಹೋಯ್ತು. ಮತ್ತೆ ಬರಲಿಲ್ಲ. ಕಾಣದಿದ್ರೂ ಆರು ವರ್ಷ ಬೆಲ್ಟ್ ಉಳಿಸಿಕೊಂಡೆ. ನಾನು ಮಾಡಿದ್ದು ಅವನ ಕೈಲೂ ಆಗುತ್ತೆ ಅಂತ ಅಂದ್ಕೊಂಡೆ ಕಣೇ."

ಮೂವತ್ತು ವರ್ಷ ಒಂದೇ ಮಂಚದಲ್ಲಿ ಮಲಗಿದ್ದೇನೆ. ಆ ಹುಬ್ಬನ್ನು ಎಷ್ಟು ಸಲ ಹೊಲಿಸಿದ್ದೇನೆ. ಗೊತ್ತಾಗಲಿಲ್ಲ. ಹೊಡೆಯಲು ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಮೇಜಿನ ಮೇಲಿಟ್ಟೆ. ಆಮೇಲೆ, "ಅಂಗಿ ಹಾಕ್ಕೊಳ್ಳಿ. ಇದನ್ನ ಅವನಿಗೆ ನೀವೇ ಹೇಳಬೇಕು" ಎಂದೆ.

ಇವರು ಬಂದರು. ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಎಲ್ಲ ಹೇಳಿದರು, ಒಂದನ್ನೂ ಮುಚ್ಚಿಡಲಿಲ್ಲ. ಕೂಸು ಬೋರಲು ಮಲಗಿಯೇ ಕೇಳಿಸಿಕೊಂಡಿತು. ಆಮೇಲೆ ದಿಂಬಿನೊಳಗಿಂದಲೇ ಕೇಳಿದ.

"ಹಾಗಾದ್ರೆ ಎರಡೂ ಕಣ್ಣಿದ್ದಿದ್ರೆ ನಿನ್ನನ್ನ ಯಾರು ಹೊಡೀತಿದ್ರಪ್ಪ?"

ನಾನು ದಂಗಾದೆ. ಈ ಸ್ಥಿತಿಯಲ್ಲೂ ಇವನಿಗೆ ಅದೇ ಲೆಕ್ಕ. ಇವರ ಮುಖ ಮಾತ್ರ ಸ್ವಲ್ಪ ಅರಳಿತು, ನನಗೆ ಕಾಣಿಸಿತು.

"ಹೇಗೆ ಹೇಳಲಿ ಮಗ" ಎಂದರು. "ಚಾಂಪಿಯನ್ ಆದ್ಮೇಲೆ ಎರಡು ಕಣ್ಣಿಟ್ಟು ನಾನು ಒಂದು ಪಂದ್ಯಾನೂ ಆಡಲಿಲ್ಲ."

"ಅದಕ್ಕೇ ನಾನೂ ಎರಡು ಕಣ್ಣಿಟ್ಟು ಆಡಬಾರದು ಅಂತಾನಾ?"

ಇವರು ಬಾಯಿ ತೆರೆದರು. ನಾನು ಇವರ ಮುಖವನ್ನೇ ನೋಡುತ್ತಾ ನಿಂತೆ. ಒಂದು ಉಸಿರಿನ ಹೊತ್ತು ಕಳೆಯಿತು, ಬಾಯಿಪಂದ್ಯದ ಲೆಕ್ಕದಲ್ಲಿ ಏಟು ಬಿತ್ತು.